ಪ್ರೊಸೆಸರ್ ತಣ್ಣಗೇ ಇತ್ತು

ಅಂಕಿ ಮತ್ತೆ ಕುಸಿಯಿತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ವೇಗ ತೋರಿಸುತ್ತ ನಾಲ್ಕರ ಮೇಲೆ ಠೀವಿಯಿಂದ ಕೂತಿದ್ದದ್ದು, ಯಾರೋ ಕಾಲು ಹಿಡಿದು ಎಳೆದ ಹಾಗೆ ಒಂದಕ್ಕಿಂತ ಕೆಳಗೆ ಜಾರಿ ಅಲ್ಲೇ ಒದ್ದಾಡತೊಡಗಿತು. ಸಿಡುಕ ಹಲ್ಲು ಕಚ್ಚಿದ. ಪಕ್ಕದ ಕುರ್ಚಿಯಲ್ಲಿದ್ದ ಅತ್ತಿಗೆ ಏನೂ ಅನ್ನಲಿಲ್ಲ. ಅವನಿಗೆ ತಡೆಯಲಾಗದೆ ಹೋದದ್ದು ಅದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಿಡುಕ ಎಂದು ಕರೆಯಲು ಶುರುಮಾಡಿದವನು ಅಣ್ಣ. ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಒಂಬತ್ತನೇ ತರಗತಿಯ ನಡುವರ್ಷದಲ್ಲಿ ಮೇಷ್ಟ್ರ ಮೇಲೆ ರೇಗಿ ಎದ್ದು ಬಂದವನು ಮತ್ತೆ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ, ಈಗ ಬಿಡಿಭಾಗ ಜೋಡಿಸಿ ಇಡೀ ಯಂತ್ರಕ್ಕೆ ಜೀವ ಬರಿಸುವಷ್ಟು ಕಲಿತಿದ್ದ. ಅಂಗಡಿಗೆ ಬಂದ ಯಾವನಾದರೂ ಗಿರಾಕಿ "ಏನು ಓದಿದ್ದೀಯಪ್ಪಾ ನೀನು?" ಎಂದರೆ ಸಾಕು, ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ. ಓದಿದವರು ಮುರಿದು ತಂದದ್ದನ್ನು ರಿಪೇರಿ ಮಾಡುವುದಕ್ಕೆ ಓದು ಬೇಕೇನು? ಏನು ಓದಿದ್ದೀಯ ಎಂದು ಯಾವತ್ತೂ ಕೇಳದಿದ್ದವಳು ಅತ್ತಿಗೆ ಒಬ್ಬಳೇ. ಅವಳು ಕೇಳುತ್ತಿದ್ದದ್ದು ಬೇರೆ: ಇದು ಯಾಕೆ ಹೀಗೆ, ಅದು ಯಾಕೆ ಹಾಗೆ. ಕೇಳಿ, ಉತ್ತರ ಮುಗಿಯುವವರೆಗೂ ಕಾಯುತ್ತಿದ್ದಳು.

ಅತ್ತಿಗೆಯ ಕೆಲಸ ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು. ನಕ್ಷೆ ಕೊಟ್ಟರೆ ಗೋಡೆ ಎಬ್ಬಿಸಿ, ಕಿಟಕಿಯಿಂದ ಬಿಸಿಲು ಬೀಳಿಸಿ, ಮನೆಯೊಳಗೆ ನಡೆದಾಡಿದ ಹಾಗೆ ತೋರಿಸುತ್ತಿದ್ದಳು. ಊರಿನ ಆ ತುದಿಯ ಸ್ಟುಡಿಯೊವೊಂದರಲ್ಲಿ ಹೆಸರಿಲ್ಲದೆ ಅದನ್ನೇ ಮಾಡಿ ಮಾಡಿ, ಕೊನೆಗೊಂದು ದಿನ ರಾಜೀನಾಮೆ ಬಿಸಾಕಿ ಮನೆಗೆ ಬಂದಿದ್ದಳು. ಅಲ್ಲಿನ ಯಜಮಾನ ಕೋಪಿಸಿಕೊಳ್ಳಲಿಲ್ಲವಂತೆ. ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಮ್ಮ ಎಂದನಂತೆ, ಮಕ್ಕಳು ಮುನಿಸಿಕೊಂಡು ಹೊರಗೆ ಹೋದರೆ ದೊಡ್ಡವರು ಬಾಗಿಲು ತೆರೆದಿಟ್ಟ ಹಾಗೆ. ಅದನ್ನು ಹೇಳುವಾಗ ಅತ್ತಿಗೆಯ ಮೂಗಿನ ತುದಿ ಕೆಂಪಾಗಿತ್ತು.

ಈಗ ಕೈಯಲ್ಲಿದ್ದದ್ದು ಅವಳ ಸ್ವಂತ ಹೆಸರಿನ ಮೊದಲ ದೊಡ್ಡ ಕೆಲಸ. ಮನೆ ಕಟ್ಟಿ ಮಾರುವ ಕಂಪನಿಯೊಂದಕ್ಕೆ ಪುಟ್ಟ ಫಿಲ್ಮು. ಇವತ್ತು ಸಂಜೆ ಐದಕ್ಕೆ ಅವರ ಕೈ ಸೇರಬೇಕು, ಆಮೇಲೆ ಅವರು ಕೊಳ್ಳುವವರನ್ನು ಕೂರಿಸಿ ತೋರಿಸುವವರಿದ್ದರು. ತಡವಾದರೆ ಬೇಡವೇ ಬೇಡ. ಬೇಡವಾದರೆ ಆ ಖಾಲಿ ಕುರ್ಚಿ ಕಾಯುತ್ತಲೇ ಇತ್ತು. ಅತ್ತಿಗೆ ಇದನ್ನು ಅತ್ತು ಕರೆದು ಹೇಳಿರಲಿಲ್ಲ. ಬೆಳಗ್ಗೆ ಬಟ್ಟೆ ಮಡಿಸುತ್ತ, "ಇದು ಕೈತಪ್ಪಿದ್ರೆ ಸೋಮವಾರದಿಂದ ನಾನು ಮತ್ತೆ ಸ್ಟುಡಿಯೊಗೇ" ಎಂದಿದ್ದಳು, ಅಷ್ಟೆ.

ಫಿಲ್ಮಿನ ಒಂದೊಂದು ಫ್ರೇಮನ್ನೂ ಕಂಪ್ಯೂಟರು ಲೆಕ್ಕ ಹಾಕಿ ಬಿಡಿಸಬೇಕು. ಯಾವ ಬಿಸಿಲು ಯಾವ ಗೋಡೆಗೆ ಬಡಿದು ಎಲ್ಲಿ ಚೆಲ್ಲುತ್ತದೆ ಎಂಬುದೆಲ್ಲ ಪ್ರೊಸೆಸರಿನ ತಲೆನೋವು. ಅದಕ್ಕೇ ಹೊಸ ಕಂಪ್ಯೂಟರು. ಅದನ್ನು ಆರಿಸಿ, ತಂದು, ಜೋಡಿಸಿದವನು ಸಿಡುಕ. ಇದ್ದಬದ್ದ ದುಡ್ಡನ್ನೆಲ್ಲ ಪ್ರೊಸೆಸರಿಗೆ ಸುರಿದು ದೊಡ್ಡದನ್ನೇ ತಂದ. ಮದರ್‌ಬೋರ್ಡು ಮಾತ್ರ, ಆ ಪ್ರೊಸೆಸರು ಕೂರುವಂಥದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಅಂಗಡಿಯ ಯಜಮಾನ ಆವತ್ತೇ ಕನ್ನಡಕದ ಮೇಲಿಂದ ನೋಡಿ, "ಕೂರೋದೇನೋ ಕೂರುತ್ತೆ ಕಣೋ. ಕೂತ ಮೇಲೆ ನೆಮ್ಮದಿಯಾಗಿ ದುಡಿಯುತ್ತಾ ಅಂತ ನನ್ನ ಕೇಳಬೇಡ" ಎಂದಿದ್ದ. ಕೇಳುವವನಾರು? ಅಂಗಡಿಯಲ್ಲಿ ಎರಡು ಥರದ ಬೋರ್ಡಿನ ಮೇಲೂ ಆಟಗಳನ್ನು ಓಡಿಸಿ ನೋಡಿದ್ದ ಸಿಡುಕನಿಗೆ ಕೂದಲೆಳೆಯ ವ್ಯತ್ಯಾಸವೂ ಕಂಡಿರಲಿಲ್ಲ. ಬೋರ್ಡಿಗೂ ವೇಗಕ್ಕೂ ಸಂಬಂಧವೇ ಇಲ್ಲ, ಅದು ಬರೀ ಕೂರಿಸುವ ಹಲಗೆ ಎಂದು ಅಂಗಡಿಯಲ್ಲಿ ಹೇಳಿದ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ. ಅಣ್ಣ ಆಕಳಿಸಿದರೂ ಬಿಡದೆ ಇನ್ನೊಮ್ಮೆ ಹೇಳಿದ.

ಬಿಡಿ ಚಿತ್ರಗಳನ್ನು ಮಾಡುವವರೆಗೆ ಯಂತ್ರ ಹೇಳಿದ ಹಾಗೆ ಕೇಳಿತ್ತು. ಒಂದು ಚಿತ್ರ ಎಂದರೆ ಕ್ಷಣಹೊತ್ತಿನ ಕೆಲಸ, ಆಮೇಲೆ ಅದಕ್ಕೆ ಬಿಡುವು. ಬಿಡುವೇ ಇಲ್ಲದೆ ದುಡಿಯಬೇಕಾಗಿ ಬಂದದ್ದು ಈ ಫಿಲ್ಮಿಗೆ. ನಿನ್ನೆ ಮಧ್ಯಾಹ್ನ ಮೊದಲ ಸಲ ಅಂಕಿ ಕುಸಿದಾಗ ಸಿಡುಕ ನಕ್ಕಿದ್ದ. ಪ್ರೊಸೆಸರ್ ಬಿಸಿಯಾಗಿದೆ, ಅಷ್ಟೇ ತಾನೇ? ಇವತ್ತು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಕಂಪ್ಯೂಟರಿನ ಪೆಟ್ಟಿಗೆಯನ್ನೇ ಹೊತ್ತು ಹೋಗಿ, ಗಾಜಿನ ಕಪಾಟಿನಲ್ಲಿ ಮೆರೆಯುತ್ತಿದ್ದ ಕೂಲರೊಂದನ್ನು ಕೇಳಿ ಕೂರಿಸಿಕೊಂಡು ತಂದ. ನೀರು ಹರಿಯುವ ಕೊಳವೆ, ಪೆಟ್ಟಿಗೆಯ ನೆತ್ತಿಯ ಮೇಲೆ ಎರಡು ಫ್ಯಾನು, ನೀಲಿ ದೀಪ. ಪ್ರೊಸೆಸರಿನ ಮೇಲೆ ಮೊದಲಿಂದ ಇದ್ದ ಮೋಟು ಫ್ಯಾನನ್ನು ಕಿತ್ತು ಅಂಗಡಿಯಲ್ಲೇ ಎಸೆದು ಬಂದಿದ್ದ.

"ನೋಡಿ ಅತ್ತಿಗೆ, ಜ್ವರ ಇಳೀತು" ಎಂದು ಶಾಖದ ಅಂಕಿ ತೋರಿಸಿದ್ದ. ನಿಜಕ್ಕೂ ಇಳಿದಿತ್ತು. ಪ್ರೊಸೆಸರ್ ತಣ್ಣಗೆ ಕೂತಿತ್ತು. ಆದರೆ ವೇಗ ನಿನ್ನೆಗಿಂತ ಬೇಗ ಬಿದ್ದಿತು. ಬಿದ್ದದ್ದು ಏಳುವುದು, ಎದ್ದದ್ದು ಮತ್ತೆ ಬೀಳುವುದು, ಬಿದ್ದಲ್ಲೇ ಹೆಚ್ಚು ಹೊತ್ತು ಹೊರಳುವುದು. ಇನ್ನೆಷ್ಟು ಹೊತ್ತು ಬೇಕೆಂದು ತೋರಿಸುವ ಗೆರೆ ಈಗ ನಾಳೆ ಬೆಳಗ್ಗೆಯನ್ನು ತೋರಿಸುತ್ತಿತ್ತು.

ಸಿಡುಕ ಒಂದೊಂದಾಗಿ ಎಲ್ಲದರ ಮೇಲೂ ಅನುಮಾನಪಟ್ಟ. ಕೇಬಲ್ಲು ಕಿತ್ತು ಸಿಕ್ಕಿಸಿದ. ಕೂಲರಿನ ತಿರುಪುಗಳನ್ನು ಮತ್ತೆ ಬಿಗಿಮಾಡಿದ. ಕರೆಂಟು ಕೊಡುವ ಇಲಾಖೆಯಿಂದ ಹಿಡಿದು ಅತ್ತಿಗೆಯ ಸಾಫ್ಟ್‌ವೇರಿನವರೆಗೆ ಸಿಕ್ಕವರನ್ನೆಲ್ಲ ಬೈದ. ಒಂದರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಕಣ್ಣು ಅದರ ಕಡೆ ಹೋಗುತ್ತಿತ್ತು, ಹೋದದ್ದು ಬಿಸಿ ಮುಟ್ಟಿದ ಬೆರಳಿನ ಹಾಗೆ ತಟ್ಟನೆ ವಾಪಸು ಬರುತ್ತಿತ್ತು.

"ನಿಮ್ಮ ಫೈಲೇ ಸರಿಯಿಲ್ಲ ಅತ್ತಿಗೆ. ಏನೇನೋ ತುಂಬಿದ್ದೀರಿ."

"ಇಷ್ಟೇ ಭಾರದ್ದು ಸ್ಟುಡಿಯೊದಲ್ಲೂ ಮಾಡಿದ್ದೀನಿ" ಎಂದಳು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. "ಅಲ್ಲಿ ಹೀಗಾಗ್ತಿರಲಿಲ್ಲಪ್ಪ."

ಅವಳು ಚುಚ್ಚಬೇಕೆಂದು ಹೇಳಿರಲಿಲ್ಲ. ಅದಕ್ಕೇ ಇನ್ನೂ ಆಳಕ್ಕೆ ಹೋಯಿತು.

"ಹಾಗಿದ್ರೆ ಸ್ಟುಡಿಯೊಗೇ ಹೋಗಿ" ಎಂದುಬಿಟ್ಟ.

ಅತ್ತಿಗೆ ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಇಷ್ಟು ದಿನ ಹತ್ತಿರ ಕೂರಿಸಿಕೊಂಡಿದ್ದವನನ್ನು ಒಂದು ಹೆಜ್ಜೆ ಹಿಂದೆ ಸರಿದು ನೋಡುವ ಹಾಗೆ. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತೆರೆದ ಸದ್ದು, ಮುಚ್ಚಿದ ಸದ್ದು.

ಸಿಡುಕ ಮಂಡಿಯೂರಿ ಪೆಟ್ಟಿಗೆಯ ತೆರೆದ ಬದಿಗೆ ಮುಖ ಕೊಟ್ಟು ಕೂತ. ಎದ್ದುಹೋಗಿ ತಪ್ಪಾಯಿತು ಅನ್ನಬೇಕು. ಅನ್ನಲು ಬಂದಿದ್ದರೆ ಶಾಲೆಯನ್ನೇ ಮುಗಿಸುತ್ತಿದ್ದನೇನೋ.

ಅತ್ತಿಗೆ ತಾನಾಗಿಯೇ ಬಂದಳು. ನೀರಿನ ಲೋಟವನ್ನು ಅವನ ಪಕ್ಕದಲ್ಲಿಟ್ಟು, ಏನೂ ಆಗಿಲ್ಲವೆಂಬಂತೆ ಹೇಳಿದಳು: "ಅದು ನಿಧಾನ ಆಗೋ ಮುಂಚೆ ಒಂದು ವಾಸನೆ ಬರುತ್ತೆ. ನಿನ್ನೆ ಸ್ವಲ್ಪ ಇತ್ತು, ಇವತ್ತು ಜಾಸ್ತಿ. ಇಸ್ತ್ರಿ ಪೆಟ್ಟಿಗೆ ಕಾದ ವಾಸನೆ ಥರ. ನಿಂಗೆ ಬರಲ್ವಾ?"

ಅವನಿಗೆ ಬಂದಿರಲಿಲ್ಲ. ದಿನವಿಡೀ ಬೆಸುಗೆಯ ಹೊಗೆಯಲ್ಲೇ ಬದುಕುವ ಮೂಗು ಅದು. ಈಗ ತಲೆಯನ್ನು ಇನ್ನೂ ಒಳಗೆ ತೂರಿಸಿದ. ಪ್ರೊಸೆಸರಿನ ಎಡಕ್ಕೆ, ಬೋರ್ಡಿನ ಮೇಲೆ ಸಾಲಾಗಿ ಕೂತ ಪುಟ್ಟ ಕಪ್ಪು ಚೌಕಗಳಿದ್ದವು. ಬಂದ ಕರೆಂಟನ್ನು ಪ್ರೊಸೆಸರಿಗೆ ಬೇಕಾದ ಹದಕ್ಕೆ ಇಳಿಸಿ ಉಣಿಸುವ ಭಾಗ ಅದು. ಒಳ್ಳೆಯ ಬೋರ್ಡುಗಳಲ್ಲಿ ಅವುಗಳ ಮೇಲೆ ದಪ್ಪ ಲೋಹದ ಹೊದಿಕೆ ಇರುತ್ತದೆ, ಶಾಖ ಹೀರಿಕೊಳ್ಳಲು. ಇದರಲ್ಲಿ ಬೆತ್ತಲೆ. ಬೆರಳು ಇಟ್ಟ. ಚುರ್ ಎಂದಿತು.

ಬೆರಳನ್ನು ಬಾಯಿಗಿಟ್ಟುಕೊಂಡು ಹಾಗೇ ಕೂತ. ಎಲ್ಲ ಒಮ್ಮೆಗೇ ತಿಳಿಯಿತು; ತಿಳಿಯಿತು ಅನ್ನುವುದಕ್ಕಿಂತ, ತಿಳಿದೇ ಇದ್ದದ್ದು ಇನ್ನು ಬಚ್ಚಿಡಲಾಗದೆ ಹೊರಗೆ ಬಂತು. ದೊಡ್ಡ ಪ್ರೊಸೆಸರು ಹಸಿವಿನಿಂದ ಕರೆಂಟು ಎಳೆಯುತ್ತದೆ. ಅಗ್ಗದ ಬೋರ್ಡಿನ ಈ ಚೌಕಗಳು ಉಣಿಸಿ ಉಣಿಸಿ ಕಾದು ಕೆಂಡವಾಗುತ್ತವೆ. ಸುಟ್ಟುಹೋಗುವ ಹಂತಕ್ಕೆ ಬಂದಾಗ ಬೋರ್ಡು ಪ್ರೊಸೆಸರಿನ ಕುತ್ತಿಗೆ ಹಿಡಿಯುತ್ತದೆ: ಸಾಕು, ನಿಲ್ಲು. ದುಡಿಯದ ಪ್ರೊಸೆಸರ್ ತಣ್ಣಗಿರದೆ ಇನ್ನೇನು? ಅದಕ್ಕಿಂತ ಹೊಟ್ಟೆಗೆ ಚೂರಿ ಹಾಕಿದಂತಾದದ್ದು ಇನ್ನೊಂದು. ಅವನು ಕಿತ್ತೆಸೆದ ಆ ಮೋಟು ಫ್ಯಾನು ಮೇಲಿಂದ ಕೆಳಕ್ಕೆ ಊದುತ್ತಿತ್ತು. ಊದಿದ ಗಾಳಿ ಪ್ರೊಸೆಸರನ್ನು ದಾಟಿ ಈ ಚೌಕಗಳ ಮೇಲೂ ಹರಿಯುತ್ತಿತ್ತು. ನಿನ್ನೆ ಅಷ್ಟಾದರೂ ಓಡಿದ್ದು ಅದರ ಪುಣ್ಯದಿಂದ. ನೀಲಿ ದೀಪದ ಕೂಲರು ಆ ಗಾಳಿಯನ್ನೂ ನಿಲ್ಲಿಸಿತ್ತು. ಮಾತು ಉಳಿಸಿಕೊಳ್ಳಲು ಹೋಗಿ ಇದ್ದ ಉಸಿರನ್ನೂ ತಾನೇ ಕಟ್ಟಿದ್ದ.

ಎದ್ದು ಪಕ್ಕದ ಕೋಣೆಗೆ ಹೋದ. ಗಾಜಿನ ಬಾಟಲಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ ಬನಿಯನ್ನಿನಲ್ಲಿ ಬೋರಲು ಮಲಗಿದ್ದ. ಅವನ ತಲೆಯ ಹತ್ತಿರ ತಿರುಗುತ್ತಿದ್ದ ಟೇಬಲ್ ಫ್ಯಾನಿನ ಪ್ಲಗ್ಗು ಕಿತ್ತು, ಎತ್ತಿಕೊಂಡು ಬಂದು, ಪೆಟ್ಟಿಗೆಯ ಎದುರು ಸ್ಟೂಲಿನ ಮೇಲಿಟ್ಟು, ಗಾಳಿ ನೇರ ಆ ಚೌಕಗಳಿಗೆ ಬಡಿಯುವ ಹಾಗೆ ತಿರುಗಿಸಿದ. ಅಂಕಿ ನಿಧಾನವಾಗಿ ತಲೆ ಎತ್ತಿತು. ಹಾಗೇ ನಿಲ್ಲಲು ಮಾತ್ರ ಅದಕ್ಕೆ ಆಗಲಿಲ್ಲ. ಇಳಿಯಿತು, ಏರಿತು, ಇಳಿಯಿತು.

ಬಾಗಿಲಲ್ಲಿ ಅಣ್ಣ ನಿಂತಿದ್ದ, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಏನೋ ಸಿಡುಕಪ್ಪ, ಕಂಪ್ಯೂಟರಿಗೆ ಸೆಕೆನಾ? ರಾತ್ರಿಯೆಲ್ಲ ಕುಲುಮೆ ಮುಂದೆ ನಿಂತು ಬಂದವನು ನಾನು ಕಣೋ."

ಅತ್ತಿಗೆ ನಡುವೆ ಬಂದಳು. ಏನಿಲ್ಲ, ಸ್ವಲ್ಪ ಬಿಸಿಯಾಗಿದೆ, ನೀವು ಮಲಗಿ ಎಂದಳು. ತನ್ನನ್ನು ಕಾಯಲು ಹಾಗೆ ಹೇಳುತ್ತಿದ್ದಾಳೆ ಎಂದು ಸಿಡುಕನಿಗೆ ಗೊತ್ತಾಯಿತು. ತಾನು ಅಂಥ ಮಾತಾಡಿದ ನಂತರವೂ. ಅಣ್ಣನ ಕಡೆ ತಿರುಗಿ ಹೇಳಿದ:

"ಬೋರ್ಡು. ಈ ಪ್ರೊಸೆಸರನ್ನ ತಡ್ಕೊಳ್ಳೋ ಶಕ್ತಿ ಈ ಬೋರ್ಡಿಗಿಲ್ಲ. ಸಂಬಂಧವೇ ಇಲ್ಲ ಅಂದಿದ್ನಲ್ಲ. ಇದೆ."

ಅಣ್ಣ ಬಾಯಿ ತೆರೆದ. ಈ ದಿನಕ್ಕಾಗಿಯೇ ಕೂಡಿಟ್ಟ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವೆಂಬುದು ಮುಖದಲ್ಲೇ ಕಾಣುತ್ತಿತ್ತು. ಹೆಂಡತಿಯನ್ನು ನೋಡಿದ, ಪರದೆಯನ್ನು ನೋಡಿದ, ತಮ್ಮನ ಬೆರಳ ತುದಿಯ ಕೆಂಪು ಬೊಬ್ಬೆಯನ್ನು ನೋಡಿದ.

"ಇದನ್ನಿಟ್ಕೊಂಡು ಒಂದು ತಿಂಗಳು ನಿನ್ನ ಆಡಿಕೊಳ್ತೀನಿ. ಇವತ್ತು ಬೇಡ, ನಿದ್ದೆ ಬರ್ತಿದೆ" ಎಂದು ಹೇಳಿ, ಅಲ್ಲೇ ಹಜಾರದ ತಣ್ಣನೆಯ ನೆಲದ ಮೇಲೆ ಉರುಳಿಕೊಂಡ.

ಹೊಸ ಬೋರ್ಡು ತಂದು ಎಲ್ಲ ಕಳಚಿ ಜೋಡಿಸುವಷ್ಟು ಹೊತ್ತು ಇರಲಿಲ್ಲ. ಇದ್ದದ್ದು ಒಂದೇ ದಾರಿ. ಅದನ್ನು ಹೇಳುವಾಗ ಸಿಡುಕ ಅತ್ತಿಗೆಯ ಮುಖ ನೋಡಲಿಲ್ಲ. ಪ್ರೊಸೆಸರಿಗೆ ಹೋಗುವ ಕರೆಂಟಿಗೇ ಮಿತಿ ಹಾಕಬೇಕು. ಆಗ ಅದು ಅಷ್ಟು ಜೋರಾಗಿ ಓಡುವುದಿಲ್ಲ, ಆದರೆ ಬೀಳುವುದೂ ಇಲ್ಲ. ಓಡಿ ಬಿದ್ದು ಹೊರಳುವುದಕ್ಕಿಂತ ಒಂದೇ ಸಮನೆ ನಡೆದರೆ ಬೇಗ ಮುಟ್ಟಬಹುದು. ಅದಕ್ಕೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು.

"ನಿಲ್ಸಿದ್ದು ಮತ್ತೆ ಏಳದಿದ್ರೆ?"

ಏಳುತ್ತೆ ಎಂದು ಹಿಂದಿನ ವಾರವಾಗಿದ್ದರೆ ಎದೆ ತಟ್ಟಿ ಹೇಳುತ್ತಿದ್ದ. ಈಗ, ಏಳಬೇಕು ಅತ್ತಿಗೆ ಎಂದ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಇಷ್ಟರವರೆಗೆ ಆದ ಫ್ರೇಮುಗಳೆಲ್ಲ ಉಳಿದಿವೆಯೆಂದು ಒಮ್ಮೆ ನೋಡಿದಳು, ನಂಬಿಕೆ ಸಾಲದೆ ಮತ್ತೊಮ್ಮೆ ನೋಡಿದಳು. ಆಮೇಲೆ ತಾನೇ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ಇಬ್ಬರ ಮುಖವೂ ಕಂಡಿತು, ಎರಡೂ ಒಂದೇ ಥರ ಬಿಳಿಚಿಕೊಂಡಿದ್ದವು.

ಸೆಟ್ಟಿಂಗಿನ ಪುಟ ತೆರೆದುಕೊಂಡಿತು. ಗಿರಾಕಿಗಳಿಗೆ ವೇಗ ಹೆಚ್ಚಿಸಿ ತೋರಿಸಿ ಮೀಸೆ ತಿರುವಲು ಸಿಡುಕ ನೂರಾರು ಸಲ ಬಂದ ಜಾಗ ಅದು. ಇಳಿಸಲು ಬಂದದ್ದು ಇದೇ ಮೊದಲು. ತಾನು ಊರೆಲ್ಲ ಹೊಗಳಿ ತಂದ ಪ್ರೊಸೆಸರಿನ ಶಕ್ತಿಯನ್ನು ಅರ್ಧದ ಹತ್ತಿರಕ್ಕೆ ತಂದ. ಸುಟ್ಟ ಬೆರಳು ಕೀಲಿಮಣೆಯ ಮೇಲೆ ಒತ್ತಿದಾಗಲೆಲ್ಲ ಚುರುಗುಟ್ಟಿತು. ಉಳಿಸಿ ಹೊರಬಂದ. ಪರದೆ ಮತ್ತೆ ಕಪ್ಪಾಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಪ್ಪಾಗಿಯೇ ಇತ್ತು. ಅತ್ತಿಗೆ ಉಸಿರು ಹಿಡಿದದ್ದು ಅವನಿಗೆ ಕೇಳಿಸಿತು. ಆಮೇಲೆ ಬೆಳಕು ಬಂತು.

ಫ್ರೇಮುಗಳು ಬೀಳತೊಡಗಿದವು. ವೇಗದ ಅಂಕಿ ಮೂರರ ಕೆಳಗೆ ಒಂದು ಕಡೆ ನಿಂತಿತು. ಅದು ಕುಸಿಯಲೆಂದು ಕಾದ. ಒಂದು ಫ್ರೇಮು, ಇನ್ನೊಂದು, ಹತ್ತು, ಇಪ್ಪತ್ತು. ಕದಲಲಿಲ್ಲ. ಫ್ಯಾನಿನ ಗಾಳಿಗೆ ಕೈ ಅಡ್ಡ ಹಿಡಿದು, ಬೋರ್ಡಿನ ಹತ್ತಿರ ತಂದು ನೋಡಿದ. ಬಿಸಿ ಇತ್ತು, ಸುಡುತ್ತಿರಲಿಲ್ಲ. ಸಾಲದೆ ಬಂದದ್ದು ಹೊತ್ತು ಮಾತ್ರ. ಗೆರೆ ನಾಳೆ ಬೆಳಗ್ಗೆಯಿಂದ ಇವತ್ತಿಗೆ ಬಂದಿತ್ತು, ಆದರೆ ಐದಕ್ಕಲ್ಲ. ಐದು ಕಳೆದು ಇನ್ನೂ ಒಂದೂವರೆ ಗಂಟೆಗೆ.

ಅತ್ತಿಗೆ ಗೆರೆಯನ್ನೇ ನೋಡುತ್ತ ಕೂತಿದ್ದು, ಸುಮ್ಮನೆ ಮೌಸ್ ಎಳೆದುಕೊಂಡಳು. ಫಿಲ್ಮಿನ ತುಂಡುಗಳು ಸಾಲಾಗಿದ್ದವು: ಬಾಗಿಲು, ಹಜಾರ, ಅಡುಗೆಮನೆ, ಮಲಗುವ ಕೋಣೆ, ಮೆಟ್ಟಿಲು, ಕೊನೆಯಲ್ಲಿ ತಾರಸಿ. ಸಿಡುಕ ತಾರಸಿಯನ್ನು ನೋಡಿದ್ದ. ವಾರಗಟ್ಟಲೆ ಅವಳು ಬಿಡುವಾದಾಗಲೆಲ್ಲ ಅಲ್ಲಿಗೇ ಹೋಗುತ್ತಿದ್ದಳು. ಮುಳುಗುವ ಬಿಸಿಲು, ಬಣ್ಣ ಮಾಸಿದ ಒಂದು ಕುರ್ಚಿ, ತಂತಿಯ ಮೇಲೆ ಒಣಗುವ ಬಟ್ಟೆ. ಮಾರುವ ಮನೆಯಲ್ಲಿ ಒದ್ದೆ ಬಟ್ಟೆ ಯಾರು ತೋರಿಸ್ತಾರೆ ಅತ್ತಿಗೆ ಎಂದು ಅವನು ನಕ್ಕಿದ್ದ.

ಅತ್ತಿಗೆ ತಾರಸಿಯ ತುಂಡನ್ನು ಸಾಲಿನಿಂದ ತೆಗೆದಳು.

"ಅದು ಬೇಡ" ಎಂದ ಸಿಡುಕ. "ಬೇರೆ ಯಾವುದಾದರೂ..."

"ಅವರು ಕೇಳಿದ್ದು ಮೆಟ್ಟಿಲವರೆಗೆ. ಇದು ನಾನಾಗಿ ಹಾಕಿದ್ದು" ಎಂದಳು. ದನಿ ಸಮವಾಗಿಯೇ ಇತ್ತು. ಗೆರೆ ಐದರ ಈಚೆಗೆ ಬಂದು, ಅಂಚಿನಲ್ಲಿ ನಿಂತಿತು.

ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ಕೇಳಿದರೆ ಸಿಡುಕ ಹೇಳಲಾರ. ಕುರ್ಚಿ ಇದ್ದರೂ ಕೂರಲಿಲ್ಲ. ಒಮ್ಮೆ ದೀಪ ಮಿಣುಕಿದಾಗ ಅತ್ತಿಗೆ ಎರಡೂ ಕೈಯಿಂದ ಮೇಜನ್ನು ಹಿಡಿದಳು, ಮೇಜು ಹಿಡಿದರೆ ಕರೆಂಟು ಹೋಗದೇನೋ ಎಂಬ ಹಾಗೆ. ಹಜಾರದಲ್ಲಿ ಅಣ್ಣ ಬೆವರಿನಲ್ಲಿ ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಯಾರೂ ಊಟದ ಮಾತೆತ್ತಲಿಲ್ಲ. ಕೊನೆಯ ಫ್ರೇಮು ಬಿದ್ದು, ತುಂಡುಗಳೆಲ್ಲ ಸೇರಿ, ಫೈಲು ಆಚೆ ಹೋಗತೊಡಗಿದಾಗ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗದ್ದಲ ಆಗಲೇ ಅಡಗಿತ್ತು. ಇಂಟರ್ನೆಟ್ಟು ಆಮೆಯ ಹಾಗೆ ತೆವಳಿತು. ಐದಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಕಂಪನಿಯಿಂದ ಫೋನು ಬಂತು. ಆ ಕಡೆಯ ಮಾತು ಸಿಡುಕನಿಗೆ ಕೇಳಲಿಲ್ಲ. ಅತ್ತಿಗೆ ಹೂಂ ಎಂದಳು, ಹೂಂ ಸರ್ ಎಂದಳು, ಥ್ಯಾಂಕ್ಸ್ ಎಂದು ಇಟ್ಟಳು.

"ಸಿಕ್ತಂತೆ. ಚೆನ್ನಾಗಿದೆಯಂತೆ. ಮುಂದಿನ ತಿಂಗಳು ಇನ್ನೊಂದಿದೆಯಂತೆ."

ಹೇಳಿ, ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಂದು ಗಳಿಗೆ ಕೂತಳು. ಎದ್ದಾಗ ಕಣ್ಣು ಕೆಂಪಾಗಿತ್ತು.

"ನಾಳೆ ಬೇರೆ ಬೋರ್ಡು ತರ್ತೀನಿ ಅತ್ತಿಗೆ" ಎಂದ ಸಿಡುಕ, ನೆಲ ನೋಡುತ್ತ.

"ತಾ. ಈ ಸಲ ನಿಮ್ಮ ಅಂಗಡಿ ಯಜಮಾನರ ಮಾತು ಕೇಳಿ ತಾ."

ಸ್ಟುಡಿಯೊಗೇ ಹೋಗಿ ಎಂದ ಅವನ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಮಲಗಿದಳು, ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು. ಅಣ್ಣ ಎದ್ದು ಸ್ನಾನ ಮಾಡಿ, ಪಾಳಿಗೆ ಹೊರಡಲು ಬೂಟಿಗೆ ಕಾಲು ತೂರಿಸುತ್ತ, ಫ್ಯಾನು ಇನ್ನೂ ಪೆಟ್ಟಿಗೆಗೇ ಬೀಸುತ್ತಿರುವುದನ್ನು ನೋಡಿದ. ಇನ್ನೇನು ಮಾಡ್ತಿದ್ದೀಯೋ, ಕೆಲಸ ಮುಗೀತಲ್ಲ ಎಂದ.

ಸಿಡುಕ ತಾರಸಿಯ ತುಂಡನ್ನು ತೆರೆದು, ಗುಂಡಿ ಒತ್ತಿ, ಈಗ ಕುರ್ಚಿಯಲ್ಲಿ ಕೂತಿದ್ದ. ಫ್ರೇಮುಗಳು ಅವಸರವಿಲ್ಲದೆ ಬೀಳುತ್ತಿದ್ದವು. ಪರದೆಯ ಮೇಲಿನ ಬಿಸಿಲು ತಾರಸಿ ಕಟ್ಟೆಯ ಅಂಚಿಗೆ ಬಂದಿತ್ತು. ತಂತಿಯ ಮೇಲಿನ ಬಟ್ಟೆ ಗಾಳಿಗೆ ಆಡಬೇಕು. ಒಂದು ಫ್ರೇಮಿಗೆ ಒಂದು ಎಳೆಯಷ್ಟು ಮೇಲೇಳುತ್ತ, ಅದು ಇನ್ನೂ ಪೂರ್ತಿ ಬಿಚ್ಚಿಕೊಂಡಿರಲಿಲ್ಲ.